ತಟ್ಟಿದರೆ ಬಿಡಬೇಕು

ನಮ್ಮ ಕಾಲೇಜಿನ ಫುಟ್‌ಬಾಲ್ ಮೈದಾನದ ಹಿಂದೆ ಒಂದು ಗುಂಡಿ ಇತ್ತು. ಹಳೇ ಟೈರುಗಳನ್ನು ಚೂರು ಮಾಡಿ ಮೊಣಕಾಲುದ್ದ ತುಂಬಿದ್ದರು. ಕುಸ್ತಿ ಮುಗಿಸಿ ಎದ್ದರೆ ಹಲ್ಲಿನ ಸಂದಿಯಲ್ಲೆಲ್ಲ ಕಪ್ಪು ರಬ್ಬರು. ಅಲ್ಲಿ ಒಂದೇ ಕಾನೂನು: ಕೆಳಗೆ ಸಿಕ್ಕಿಬಿದ್ದವರು ಕೈಯಿಂದ ತಟ್ಟಿದರೆ ಮೇಲಿದ್ದವರು ಆ ಕ್ಷಣವೇ ಬಿಡಬೇಕು.

"ತಟ್ಟಿದ್ಮೇಲೂ ಬಿಡದೇ ಇರೋರು ಸೈನಿಕರಲ್ಲ, ಕಟುಕರು," ಅಂತ ನಮಗೆ ತರಬೇತಿ ಕೊಡುವ ಸಾರ್ಜೆಂಟ್ ಕಿಂಬ್ರೋ ಮೊದಲ ದಿನವೇ ಹೇಳಿದ್ದ. ನಮ್ಮಮ್ಮ ನಾನು ಹುಟ್ಟುವ ಮೊದಲಿಂದಲೂ ದನದ ಮಾಂಸದ ಕಾರ್ಖಾನೆಯಲ್ಲಿ ಚಾಕು ಹಿಡಿದವಳು. ಅವಳ ಕೆಲಸವನ್ನು ಬೈಗುಳ ಮಾಡಿಕೊಂಡವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಬಾಯಿ ಮುಚ್ಚಿಕೊಂಡೆ, ಯಾಕೆಂದರೆ ನನಗೆ ಆ ಮನುಷ್ಯನಿಂದ ಕೆಲಸ ಆಗಬೇಕಿತ್ತು.

ಓದುತ್ತಲೇ ಸೈನ್ಯದ ಅಧಿಕಾರಿಯಾಗುವ ತರಬೇತಿ ನಮ್ಮದು. ಸ್ಕಾಲರ್‌ಶಿಪ್ ಗಿಟ್ಟಿಸಿದವರನ್ನು ಸೈನ್ಯ ಮೊದಲೇ ಮನೆ ತುಂಬಿಸಿಕೊಂಡಿರುತ್ತದೆ. ಸಿಗದ ನಾವು ಎರಡು ವರ್ಷ ಅದೇ ಸಮವಸ್ತ್ರ ತೊಟ್ಟು, ಅದೇ ಕೆಸರಲ್ಲಿ ತೆವಳಿ, ಕೊನೆಗೆ ಜಾಗ ಉಳಿದಿದ್ದರೆ ಒಪ್ಪಂದಕ್ಕೆ ಸಹಿ ಹಾಕಬೇಕು. ಜಾಗ ಇಲ್ಲವೋ, ಬಟ್ಟೆ ವಾಪಸ್ಸು ಕೊಟ್ಟು ನಡೆಯುತ್ತಿರಬೇಕು. ಸ್ಕಾಲರ್‌ಶಿಪ್ಪಿನವರು ನಮ್ಮನ್ನು ಬಿಟ್ಟಿಗಳು ಅಂತಲೇ ಕರೆಯುತ್ತಿದ್ದರು.

ಆ ವರ್ಷ ಉಳಿದದ್ದು ಒಂದೇ ಜಾಗ. ಅದಕ್ಕೆ ಇಬ್ಬರು ಬಿಟ್ಟಿಗಳು: ಎಲ್ವಿರಾ ಸೋಸಾ ಅಂದರೆ ನಾನು, ಮತ್ತೆ ನನ್ನ ರೂಮಿನ ಬ್ರಿಟಾ ಹೋಲುಬ್.

ನನ್ನ ಅಣ್ಣ ರಾಮೀರೋ ಮಾಮೂಲಿ ಸಿಪಾಯಿ. ಮ್ಯಾಪು ಓದಲು ಬಾರದ ಅಧಿಕಾರಿಯೊಬ್ಬ ಅವನ ಗುಂಪನ್ನು ತಪ್ಪು ದಾರಿಗೆ ಕಳಿಸಿದ. ಅಣ್ಣ ಒಂದು ಕಿವಿ ಕಳೆದುಕೊಂಡು ಬಂದ. ಅಂಥ ಅಧಿಕಾರಿಯ ಜಾಗದಲ್ಲಿ ನಾನು ನಿಲ್ಲಬೇಕು ಅನ್ನುವುದು ನನ್ನ ಹಟ. ಬ್ರಿಟಾಳದ್ದು ಬೇರೆ ಕಥೆ. ಅಜ್ಜ, ಅಪ್ಪ ಇಬ್ಬರೂ ಅಧಿಕಾರಿಗಳು. ಅವಳಿಗೆ ಸ್ಕಾಲರ್‌ಶಿಪ್ ತಪ್ಪಿದ ದಿನ ಅಪ್ಪ ಊಟದ ಮಧ್ಯೆ ತಟ್ಟೆ ಬಿಟ್ಟು ಎದ್ದು ಹೋಗಿದ್ದನಂತೆ. ಹಾಗಂತ ನಮ್ಮಿಬ್ಬರಲ್ಲಿ ಜಗಳವೇನೂ ಇರಲಿಲ್ಲ. ಅವಳ ಅಜ್ಜಿ ಕಳಿಸುವ ಗಸಗಸೆ ತುಂಬಿದ ಸಿಹಿ ಬನ್ನು ಕೊಲಾಚೆ, ನಮ್ಮಮ್ಮನ ಮೆಕ್ಕೆಜೋಳದ ಕಡುಬು ತಮಾಲೆ ಎರಡನ್ನೂ ಒಂದೇ ಮಂಚದ ಮೇಲೆ ಕೂತು ತಿಂದವರು ನಾವು.

ಓಟ, ಮ್ಯಾಪು, ಪರೀಕ್ಷೆ, ಎಲ್ಲದರಲ್ಲೂ ಇಬ್ಬರದೂ ಸಮ ಬಂತು. ತರಬೇತಿಯ ಮುಖ್ಯಸ್ಥ ಕರ್ನಲ್ ತಲೆ ಕೆರೆದುಕೊಂಡ. ಕಿಂಬ್ರೋ ಮಾತ್ರ ನಕ್ಕ. "ಗುಂಡಿಗೆ ಬಿಡೋಣ ಸಾರ್. ಮೂರು ಸುತ್ತು. ಎರಡು ಗೆದ್ದೋಳು ಸಹಿ ಹಾಕ್ತಾಳೆ."

ಹಿಂದಿನ ಸಂಜೆ ಬ್ರಿಟಾ ಕಾಲುಗುರು ಕತ್ತರಿಸಿಕೊಳ್ಳುತ್ತಾ ಕೇಳಿದಳು, "ನಾಳೆ ಮೂತಿಗೆ ಹೊಡೀತೀಯೇನೇ?"

"ಮೂತಿ ಎಲ್ಲಿದೆ ಅಂತ ಗೊತ್ತಾದ್ರೆ ಹೊಡೀತೀನಿ."

"ಹೋಗೇ, ಕೋತಿ."

ಇಬ್ಬರೂ ನಕ್ಕೆವು.

ಮೊದಲ ಸುತ್ತು ನನ್ನದು. ಕಿಂಬ್ರೋ ಶಿಳ್ಳೆ ಊದಿದ್ದೇ ತಡ, ನುಗ್ಗಿ ಅವಳ ಸೊಂಟ ಹಿಡಿದು ಎತ್ತಿ ಹಾಕಿದೆ. ಬೀಳುವಾಗ ಅವಳ ಮೊಣಕೈ ನನ್ನ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯಿತು. ಆದರೆ ಕತ್ತು ಹುಡುಕಲು ಕಣ್ಣು ಬೇಕಿಲ್ಲ. ಹಿಂದಿನಿಂದ ಕೈ ತೂರಿಸಿ ಬಿಗಿದೆ. ಅವಳು ಉಗುರಿನಿಂದ ನನ್ನ ತೋಳಿನ ಚರ್ಮ ಎಬ್ಬಿಸಿದಳು, ಒದ್ದಾಡಿದಳು, ಗೊರಗೊರ ಅಂದಳು. ಆಮೇಲೆ ತಟ್ಟಿದಳು. ನಾನು ಬಿಟ್ಟೆ. ಅವಳು ಮಂಡಿಯೂರಿ ವಾಂತಿ ಮಾಡಿಕೊಂಡಾಗ ಅಂಚಿನಲ್ಲಿ ನಿಂತ ಸ್ಕಾಲರ್‌ಶಿಪ್ಪಿನ ಗಂಡುಗಳು ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಖುಷಿ ಕೊಟ್ಟದ್ದನ್ನು ನಾನು ಅಲ್ಲಗಳೆಯುವುದಿಲ್ಲ.

ಎರಡನೇ ಸುತ್ತಿಗೆ ಎದ್ದ ಬ್ರಿಟಾ ನನ್ನ ಮಂಚದ ಮೇಲೆ ಕೂತು ಕೊಲಾಚೆ ತಿಂದವಳಲ್ಲ. ಮೊದಲ ಗುದ್ದು ಮೂಗಿಗೆ, ಎರಡನೆಯದೂ ಮೂಗಿಗೆ. ಲಟಕ್ಕೆಂದಿತು. ನಾನು ಅವಳ ಪಕ್ಕೆಗೆ ಮೊಣಕಾಲು ಕೊಟ್ಟೆ, ಮತ್ತೆ ಕೊಟ್ಟೆ. ಅವಳು ಬಗ್ಗಲಿಲ್ಲ. ಕೂದಲು ಹಿಡಿದು ನನ್ನನ್ನು ರಬ್ಬರಿಗೆ ಕೆಡವಿ, ಬಲಗೈ ಎಳೆದು ತೊಡೆಸಂದಿಗೆ ಸಿಕ್ಕಿಸಿಕೊಂಡು ಹಿಂದಕ್ಕೆ ಮಲಗಿದಳು. ಒಂದು ಕಾಲು ನನ್ನ ಎದೆಯ ಮೇಲೆ, ಇನ್ನೊಂದು ಬಾಯಿಯ ಮೇಲೆ. ಮೊಣಕೈ ಉಲ್ಟಾ ಬಾಗತೊಡಗಿತು.

ಸೋತೆ, ಸರಿ, ಒಂದೊಂದಾಯಿತು, ಮೂರನೆಯದರಲ್ಲಿ ನೋಡಿಕೊಳ್ಳೋಣ ಅಂತ ಎಡಗೈಯಿಂದ ಅವಳ ಮೀನಖಂಡಕ್ಕೆ ತಟ್ಟಿದೆ. ಬಿಡಲಿಲ್ಲ. ಮತ್ತೆ ತಟ್ಟಿದೆ, ಜೋರಾಗಿ. ಬ್ರಿಟಾ ಕತ್ತೆತ್ತಿ ನೇರ ನನ್ನ ಕಣ್ಣು ನೋಡಿದಳು. ನೋಡುತ್ತಲೇ ಸೊಂಟ ಮೇಲೆತ್ತಿದಳು.

ಹಸಿ ಕೊಂಬೆ ಮುರಿದ ಹಾಗೆ ಕೇಳಿಸಿತು. ನಾನು ಅರಚಿದ್ದು ಅವಳ ಕಾಲಿನಡಿಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿ ಕೂರಿಸಿದ್ದರು. ಕಿಂಬ್ರೋ ಸ್ಟೂಲೆಳೆದು ಮಂಚದ ಪಕ್ಕ ಕೂತ. ಬ್ರಿಟಾ ಅವನ ಹಿಂದೆ ಗೋಡೆಗೆ ಒರಗಿ ಕೂತಿದ್ದಳು, ಮುಖ ಸುಣ್ಣ.

"ಸೋಸಾ, ಒಂದೇ ಪ್ರಶ್ನೆ," ಅಂದ ಕಿಂಬ್ರೋ. "ನೀನು ತಟ್ಟಿದ್ಯಾ? ತಟ್ಟಿಲ್ಲ ಅಂದ್ರೆ ಇದು ಆಕಸ್ಮಿಕ, ನಾಳೆ ಹೋಲುಬ್ ಸಹಿ ಹಾಕ್ತಾಳೆ. ತಟ್ಟಿದ್ದೆ ಅಂದ್ರೆ ಅವಳು ಇವತ್ತೇ ಹೊರಗೆ. ನಿನ್ನ ಕೈ ಕೂಡೋವರೆಗೂ ಜಾಗ ಕಾಯುತ್ತೆ, ಕರ್ನಲ್ ಒಪ್ಪಿದ್ದಾರೆ. ಅವಳು ನೀನು ತಟ್ಟಿಲ್ಲ ಅಂತಾಳೆ."

ನಾನು ಬ್ರಿಟಾಳನ್ನು ನೋಡಿದೆ. "ಯಾಕೇ?"

ಅವಳು ಮಂಡಿ ತಬ್ಬಿಕೊಂಡಳು. "ಮೂರನೇ ಸುತ್ತು ನಂಗೆ ಆಗ್ತಿರ್ಲಿಲ್ಲ ಕಣೇ. ನೀನು ನನ್ನ ಸಾಯಿಸಿಬಿಡ್ತಿದ್ದೆ."

"ಅದಕ್ಕೆ ಕೈ ಮುರಿದ್ಯಾ?"



ನನಗೆ ಕರುಳು ಚುರುಕ್ ಅಂದದ್ದು ನಿಜ. ಆದರೆ ಅವಳು ನೋಡುತ್ತಲೇ ಮುರಿದಿದ್ದಳು. ನಾಳೆ ಇವಳ ಕೈಗೆ ಮೂವತ್ತು ಸಿಪಾಯಿಗಳನ್ನು, ನನ್ನ ಅಣ್ಣನಂಥ ಮೂವತ್ತು ರಾಮೀರೋಗಳನ್ನು ಕೊಡುತ್ತಾರೆ.

"ತಟ್ಟಿದೆ ಸಾರ್ಜೆಂಟ್," ಅಂದೆ. "ಎರಡು ಸಲ."

ಕಿಂಬ್ರೋ ತೊಡೆ ಸವರಿಕೊಂಡ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ಗೊತ್ತು. ನಾನು ಆ ಕಡೆನೇ ನಿಂತಿದ್ದೆ, ನೋಡ್ದೆ. ನಿನ್ನ ಬಾಯಿಂದ ಬರ್ಲಿ ಅಂತ ಕೇಳ್ದೆ, ಅಷ್ಟೆ."

"ನೋಡಿದ್ರಾ? ಮತ್ತೆ ಶಿಳ್ಳೆ ಯಾಕೆ ಊದ್ಲಿಲ್ಲ?"

"ಅವಳಾಗವಳೇ ಬಿಡ್ತಾಳಾ ನೋಡೋಣ ಅಂತಿದ್ದೆ. ಅಧಿಕಾರಿ ಆಗೋರಿಗೆ ಶಿಳ್ಳೆ ಊದೋಕೆ ಯಾರಿರ್ತಾರೆ ಹೇಳು? ಒಂದು ಕೈ ಹೋಯ್ತು. ಬೆಳೆಯೋ ವಯಸ್ಸು, ಕೂಡ್ಕೊಳ್ಳುತ್ತೆ. ಇಬ್ಬರಲ್ಲಿ ಯಾರು ಅಂತ ತಿಳೀತಲ್ಲ."

ಅವನಿಗೆ ಅದು ಲಾಭದ ವ್ಯಾಪಾರ. ಎದ್ದು ಅವನ ಮೇಲೆ ಬೀಳಬೇಕು ಅನ್ನಿಸಿತು, ಆದರೆ ಎದ್ದರೆ ಕೈ ಸಿಡಿಯುತ್ತಿತ್ತು.

ಎದ್ದದ್ದು ಬ್ರಿಟಾ. "ನೀವು ನೋಡಿದ್ರಿ," ಅಂದಳು, ಮೆಲ್ಲಗೆ. "ನನ್ನ ತಡೀಬಹುದಿತ್ತು." ಅವನು ತಿರುಗುವ ಮೊದಲೇ ಅವಳ ತೋಳು ಅವನ ಗಂಟಲ ಸುತ್ತ ಬಿತ್ತು. ಬೆಳಿಗ್ಗೆ ನಾನು ಅವಳಿಗೆ ಹಾಕಿದ್ದೇ ಪಟ್ಟು. ಸ್ಟೂಲು ಉರುಳಿತು. ಇಬ್ಬರೂ ಹಿಂದಕ್ಕೆ ಬಿದ್ದರು, ಅವಳು ಕೆಳಗೆ, ಅವನು ಮೇಲೆ. ಅವನ ಬೂಟು ಔಷಧಿ ತಟ್ಟೆಗೆ ತಾಗಿ ಗಾಜೆಲ್ಲ ಚೂರಾಯಿತು. ಅವನು ಹಿಂದಲೆಯಿಂದ ಅವಳ ಬಾಯಿಗೆ ಗುದ್ದಿದ. ಅವಳ ತುಟಿ ಒಡೆದು ಅವನ ಕಾಲರು ಕೆಂಪಾಯಿತು. ಅವಳು ಸಡಿಲಿಸಲಿಲ್ಲ.

"ಸೋಸಾ," ಅಂತ ಗೊಗ್ಗರು ಗಂಟಲಲ್ಲಿ ಕರೆದ. "ಹಿಡ್ಕೋ ಅವಳನ್ನ. ಇದು ಆರ್ಡರ್."

ನನ್ನ ಎಡಗೈ ಚೆನ್ನಾಗಿಯೇ ಇತ್ತು. ಕರೆಗಂಟೆಯೂ ದಿಂಬಿನ ಪಕ್ಕದಲ್ಲೇ ಇತ್ತು. ಎರಡು ವರ್ಷ ಆ ಮನುಷ್ಯ ಹೇಳಿದ್ದಕ್ಕೆಲ್ಲ ಕುಣಿದಿದ್ದೆ. ಇದೊಂದು ಕೇಳಿದರೆ ಜಾಗ ನನ್ನದು.

ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕೈ ಮೇಲೆದ್ದು ಬ್ರಿಟಾಳ ತೋಳಿಗೆ ತಟ್ಟಿತು. ಮತ್ತೆ ತಟ್ಟಿತು.

"ಕಾಯ್ತಿದ್ದೀನಿ ಸಾರ್ಜೆಂಟ್," ಅಂದೆ. "ಅವಳಾಗವಳೇ ಬಿಡ್ತಾಳಾ ನೋಡೋಣ ಅಂತ."

ಬ್ರಿಟಾ ನನ್ನ ಕಡೆ ನೋಡಿದಳು, ಗುಂಡಿಯಲ್ಲಿ ನೋಡಿದ ಹಾಗೆಯೇ. ಆಮೇಲೆ ಬಿಟ್ಟಳು.

ಅವನು ಗಾಜಿನ ಮೇಲೆ ಅಂಗಾತ ಬಿದ್ದು ಕೆಮ್ಮಿದ. ಬ್ರಿಟಾ ಗೋಡೆಗೆ ಒರಗಿ ಕೂತು, ರಕ್ತದ ಬಾಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಇಬ್ಬರನ್ನೂ ಹೊರಗೆ ಹಾಕಿದರು: ಅವಳನ್ನು ಕೈ ಮಾಡಿದ್ದಕ್ಕೆ, ನನ್ನನ್ನು ಆರ್ಡರ್ ಮೀರಿದ್ದಕ್ಕೆ. ನನ್ನ ಕೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ, ಅದಕ್ಕೆ ಬ್ರಿಟಾಳನ್ನು ನಾನು ಕ್ಷಮಿಸಿಯೂ ಇಲ್ಲ. ಆದರೆ ಅವತ್ತು ನಾನು ಕರೆಗಂಟೆ ಒತ್ತಲಿಲ್ಲ. ಅವಳು ಬಿಡದೇ ಹೋಗಿದ್ದರೂ ಒತ್ತುತ್ತಿರಲಿಲ್ಲ, ಅದು ನನಗೆ ಗೊತ್ತು. ಮೂವತ್ತು ರಾಮೀರೋಗಳನ್ನು ನನ್ನ ಕೈಗೆ ಕೊಡದೇ ಇದ್ದದ್ದೇ ಒಳ್ಳೆಯದಾಯಿತು.