ಕಲ್ಲಿನಲ್ಲಿ ಜುವಾಕಿಂ ಹೆಸರು

ಇಗರ್ಜಿಯಲ್ಲಿ ಶುಕ್ರವಾರದ ಪೂಜೆ ಮುಗಿಸಿ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿಗೆ ಮರಳಿದ್ದೇ ತಡ, ಕೆವಿನ್ ಊಟದ ಮೇಜಿನ ಮೇಲೆ ಹೊಸ ಸ್ಮಾರಕದ ನಕ್ಷೆ ಹರಡಿದ, ಕೆತ್ತಬೇಕಾದ ಹೆಸರುಗಳೆಲ್ಲ ಅದರಲ್ಲಿದ್ದವು. ಎರಡನೇ ಮಹಾಯುದ್ಧಕ್ಕೆ ಹೋಗಿ ಬಾರದವರ ನೆನಪಿಗೆ ಊರಿನ ಇಗರ್ಜಿಯ ಪಕ್ಕ ನಿಲ್ಲಿಸಿದ್ದ ಗಾರೆಯ ಕಂಬ ಈಗ ಕುಸಿಯುತ್ತಿತ್ತು. ಇಲ್ಲಿದ್ದ ಊರವರು ಸೇರಿ ಕರಿಗಲ್ಲಿನದು ಮಾಡಿಸುವವರಿದ್ದರು. ನಾಳೆ ಕೆವಿನ್ ನಕ್ಷೆ ಹಿಡಿದು ಊರಿನ ವಿಮಾನ ಹತ್ತಬೇಕು.

ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ ಎಮಿಲಿಯಾ, ಬಂಗುಡೆ ಮೀನು ಕೊಯ್ಯುವುದು ಬಿಟ್ಟು ಬಂದು ನೋಡಿದರು.

"ನನ್ನ ಅಣ್ಣನ ಹೆಸರು ತೆಗಿ. ಹಳೇ ಕಂಬದಲ್ಲಿ ಬರೆಸ್ಲಿಕ್ಕೆ ಅಮ್ಮ ಬಿಡ್ಲಿಲ್ಲ, ನಾನೂ ಬಿಡುದಿಲ್ಲ."

"ಮಮ್ಮಿ, ಜುವಾಕಿಂ ಮಾಮ ಯುದ್ಧಕ್ಕೆಂದು ಇರಾಕಿನ ಬಸ್ರಾಕ್ಕೆ ಹೋಗಿ ಅರವತ್ತು ವರ್ಷ ಆಗ್ತಾ ಬಂತು!"

"ಸತ್ತದ್ದು ನೋಡಿದವರುಂಟಾ?"

"ಖಲಾಸ್!" ಎಂದು ಕೆವಿನ್ ಸೋಫಾಕ್ಕೆ ಬಿದ್ದ.

ಅವನ ಮಗಳು ಸ್ಟೇಸಿಯ ಕಿವಿ ನೆಟ್ಟಗಾಯಿತು. ಹದಿನೈದು ತುಂಬಿದರೂ ಅಜ್ಜಿಯ ಕಥೆಯನ್ನು ಬಾಯಿ ಬಿಟ್ಟು ಕೇಳುವ ಹುಡುಗಿ. ಅಡುಗೆಮನೆಗೆ ಹಿಂಬಾಲಿಸಿದಳು.

"ಅಜ್ಜಿ, ಒಂದು ಕೇಳ್ಲಾ?"

"ಒಂದೇ ಕೇಳಿ ಬಿಡುವವಳಾ ನೀನು?"

"ಹೆಸರು ಹಾಕಿದ್ರೆ ಎಂತ ಆಗ್ತದೆ?"

"ಸತ್ತವರ ಹಬ್ಬಕ್ಕೆ ಎಲ್ಲ ಮನೆಯವರೂ ತಮ್ಮವರ ಹೆಸರಿನಡಿ ಕ್ಯಾಂಡಲ್ ಹಚ್ತಾರೆ. ಬದುಕಿದ್ದವನಿಗೆ ಹಚ್ಚುದುಂಟಾ, ಮಾರಾಯ್ತಿ? ಅವ ಈ ಸಮುದ್ರದ ಆಚೆ ಎಲ್ಲೋ ಇದ್ದಾನೆ."

ಸ್ಟೇಸಿಯ ಕಣ್ಣಮುಂದೆ ಖರ್ಜೂರದ ಮರಗಳು ಎದ್ದವು, ಬಿಳಿ ನಿಲುವಂಗಿಯ ಮುದುಕನೊಬ್ಬ ನೆರಳಲ್ಲಿ ಕೂತ.

"ತೋಟ ಮಾಡಿರಬಹುದಾ?"

"ಮಾಡಿರ್ತಾನೆ."

"ಮದುವೆ?"

"ಆಗಿರ್ತಾನೆ. ಹೆಂಡತಿ ಜೋರಿರ್ಬೇಕು!" ಅಜ್ಜಿ ನಕ್ಕರು.

"ಮತ್ತೆ ನಿಮ್ಮನ್ನು ನೋಡ್ಲಿಕ್ಕೆ ಯಾಕೆ ಬರ್ಲಿಲ್ಲ?"

ಮತ್ತೆ ಮೀನು ಕೊಯ್ಯುತ್ತಿದ್ದ ಕತ್ತಿ ಅಲ್ಲೇ ನಿಂತಿತು.

"ಬರದೆ ಇರುವವನಲ್ಲ ಅವ," ಎಂದರು ಎಮಿಲಿಯಾ ಬಿರುಸಾಗಿ. "ಸಂತೆಗೆ ಹೋದ್ರೂ ನನಗೆ ಬತ್ತಾಸು ತಾರದೆ ಬಂದವನಲ್ಲ. ತಂಗಿಯನ್ನು ಮರೆಯುವ ಜನ ಅಲ್ಲ..."

ತಮ್ಮ ಮಾತು ತಮಗೇ ಕೇಳಿಸಿದಂತೆ ಕತ್ತಿ ಕೆಳಗಿಟ್ಟರು. ಬದುಕಿದ್ದಾನೆ ಎಂದರೆ ಮರೆತಿದ್ದಾನೆ ಎಂದಾಗುತ್ತಿತ್ತು. ಇಷ್ಟು ವರ್ಷ ಇದನ್ನು ಕೇಳಿದವರಿರಲಿಲ್ಲ. ಸ್ಟೇಸಿಗೆ ಕೇಳಬಾರದಿತ್ತೇನೋ ಅನ್ನಿಸಿತು, ಆದರೂ ಅಜ್ಜಿಯ ಮುಖದಿಂದ ಕಣ್ಣು ಕೀಳಲಾಗಲಿಲ್ಲ.

ಎಮಿಲಿಯಾ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹಾಲ್‌ನ ಬಾಗಿಲಿಗೆ ಬಂದರು.

"ಕೆವಿನ್, ಹೆಸರು ಇರ್ಲಿ."

ಅವನು ಎದ್ದು ಕೂತ. "ನಿಜವಾ ಮಮ್ಮಿ?"

"ನನ್ನ ಅಣ್ಣ ಮರೆತವ ಅಲ್ಲ. ಸ್ವಲ್ಪ ಕೆಳಗೆ ಹಾಕಿಸು, ನನ್ನ ಕೈಗೆ ಸಿಗುವ ಹಾಗೆ."