ಆಡು ಮೇಯ್ದ ಅರಳಿ

ಹನೂರಿನ ಲೈನ್‌ಮ್ಯಾನ್ ಮಹದೇವಸ್ವಾಮಿ ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ನಾಲ್ಕು ವರ್ಷವಾಯಿತು. ತಂತಿಗೆ ತಾಗುತ್ತಿದ್ದ ಕೊಂಬೆ ಕಡಿಯಲು ಹತ್ತಿದ್ದ. ಮಳೆ ಆಗಷ್ಟೇ ನಿಂತಿತ್ತು, ಏಣಿ ಜಾರಿತು. ಕಾಲಿಗೆ ರಾಡು ಹಾಕಿ ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ಎಂಟು ತಿಂಗಳು ಕಿಟಕಿ ಪಕ್ಕದ ಮಂಚವೇ ಗತಿಯಾಯಿತು.

ಹೆಂಡತಿ ರೂಪ ಹೊಲಿಗೆ ಅಂಗಡಿಗೆ ಹೋಗಲೇಬೇಕಿತ್ತು. ಹಗಲೆಲ್ಲ ಅವನನ್ನು ನೋಡಿಕೊಂಡದ್ದು ಪಕ್ಕದ ಮನೆಯ ಕೆಂಪಾಜಮ್ಮ. ಗಂಡ ಸತ್ತು ಹದಿನೈದು ವರ್ಷ, ಮಕ್ಕಳಿಲ್ಲ, ಒಂದು ಆಡು ಕಟ್ಟಿಕೊಂಡು ಒಬ್ಬಳೇ ಇದ್ದ ಹೆಂಗಸು. ಗಂಜಿ ಕುಡಿಸಿದಳು, ಕಾಲುಸೂಪು ಮಾಡಿ ತಂದಳು, ಮಲಗಿದಲ್ಲೇ ಮಾಡಿದ್ದನ್ನು ಮುಖ ಕಿವುಚದೆ ಎತ್ತಿಹಾಕಿದಳು.

ಕಿಟಕಿಯಿಂದ ಅವನಿಗೆ ಕಾಣುತ್ತಿದ್ದದ್ದು ಎರಡು ಮನೆಗಳ ನಡುವಿನ ಗೋಡೆ, ಅದರ ಬಿರುಕಿನಲ್ಲಿ ಗೇಣುದ್ದದ ಒಂದು ಅರಳಿ ಗಿಡ, ಅಷ್ಟೇ. ಒಂದು ದಿನ ಕೆಂಪಾಜಮ್ಮ ಅದಕ್ಕೆ ಕೈಹಾಕಿದಳು.

"ಗ್ವಾಡೆ ಸೀಳಾಕ್ತದೆ ಕಣಪ್ಪ, ಕಿತ್ತು ಎಸಿತೀನಿ."

"ಎಸೀಬ್ಯಾಡ ಕೆಂಪವ್ವ. ಬೇರು ಹರೀದಂಗೆ ಕಿತ್ತು ನಂಗೆ ಕೊಡು."

ಮಲಗಿ ಮಲಗಿ ಬೇಸತ್ತವನು ಮೊಬೈಲಿನಲ್ಲಿ, ದೊಡ್ಡ ಮರವನ್ನು ತಟ್ಟೆಯಲ್ಲಿ ಕುಳ್ಳಾಗಿ ಬೆಳೆಸುವ ಬೋನ್ಸಾಯ್ ವಿಡಿಯೋ ನೋಡುವ ಚಟ ಹತ್ತಿಸಿಕೊಂಡಿದ್ದ. ಇಪ್ಪತ್ತು ವರ್ಷ ಮರಗಳ ಕೊಂಬೆ ಕಡಿದದ್ದೇ ಅವನ ಕಸುಬು. ಒಂದನ್ನು ಕೈಯಾರೆ ಬೆಳೆಸಿ ನೋಡುವ ಆಸೆ ಹುಟ್ಟಿತ್ತು. ಅರಳಿಯನ್ನು ಮನೆಯೊಳಗೆ ಇಡಬಾರದು ಎಂದು ರೂಪ ಗೊಣಗಿದಳು. ಹಿತ್ತಲಲ್ಲಿ ಇಟ್ಟರಾಯಿತು ಎಂದ.

ಹಳೆಯ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಎರಡು ತೂತು ಕೊರೆದು, ಕಪ್ಪು ಮಣ್ಣು ತುಂಬಿ ನೆಟ್ಟರು. ಮಹದೇವಸ್ವಾಮಿ ದಿನಕ್ಕೆ ಮೂರು ಸಲ ನೀರು ಹಾಕಿಸಿದ. ಎರಡು ತಿಂಗಳಲ್ಲಿ ಎಲೆ ಹಳದಿಯಾಗಿ ಒಂದೊಂದೇ ಉದುರಿದವು. ಕಾಲಿನ ತಪಾಸಣೆಗೆ ಕೊಳ್ಳೇಗಾಲಕ್ಕೆ ಹೋಗುವ ದಿನ ಆ ಟಬ್ಬನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತ. ಆಸ್ಪತ್ರೆ ಮುಗಿಸಿ, ಊರುಗೋಲು ಊರುತ್ತ, ರೂಪಳ ಕೈಗೆ ಟಬ್ಬು ಕೊಟ್ಟು ಒಂದು ನರ್ಸರಿಗೆ ಹೋದ. ಅದನ್ನು ನಡೆಸುತ್ತಿದ್ದವಳು ಮಾಲಿನಿ. ಗಿಡವನ್ನು ಬುಡಸಮೇತ ಎತ್ತಿ, ಕೊಳೆತು ಕಪ್ಪಾದ ಬೇರುಗಳನ್ನು ತೋರಿಸಿದಳು.

"ಗೋಡೇಲಿ ಬದುಕೋ ಗಿಡ ಅಣ್ಣ ಇದು. ನೀವು ಇದಕ್ಕೆ ಗದ್ದೆ ಮಾಡಿಕೊಟ್ಟಿದ್ದೀರಿ."

ಕೊಳೆತದ್ದನ್ನು ಕತ್ತರಿಸಿ, ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಗೊಬ್ಬರ ಕಲಸಿ ಅಗಲವಾದ ಮಣ್ಣಿನ ತಟ್ಟೆಗೆ ನೆಟ್ಟು ಕೊಟ್ಟಳು. ಮಣ್ಣು ಒಣಗಿದರೆ ಮಾತ್ರ ನೀರು ಎಂದಳು. ಹದಿನೆಂಟು ದಿನ ಅದು ಬರೀ ಕಡ್ಡಿಯಂತೆ ನಿಂತಿತ್ತು. ಹತ್ತೊಂಬತ್ತನೆಯ ಬೆಳಿಗ್ಗೆ ತುದಿಯಲ್ಲಿ ತಾಮ್ರದ ಬಣ್ಣದ ಒಂದು ಚಿಗುರು. ಅದನ್ನು ನೋಡಲು ಮಹದೇವಸ್ವಾಮಿ ಮೊದಲ ಸಲ ಊರುಗೋಲು ಬಿಟ್ಟು, ಗೋಡೆ ಹಿಡಿದುಕೊಂಡು ಹಿತ್ತಲವರೆಗೆ ನಡೆದ.

ಕೆಲಸಕ್ಕೆ ಮರಳಿದಾಗ ಮೇಲೆ ಹತ್ತುವುದು ಬೇಡ ಎಂದು ಅವನನ್ನು ಕಚೇರಿಯಲ್ಲಿ ಫೋನಿನ ಮುಂದೆ ಕೂರಿಸಿದರು. ಕರೆಂಟು ಹೋಯಿತೆಂದು ಜನ ಬೈಯುವುದನ್ನು ಕೇಳಿ ಬರೆದುಕೊಳ್ಳುವ ಕೆಲಸ. ಜೊತೆಯವರು ಏಣಿ ಹೊತ್ತು ಹೊರಡುವುದನ್ನು ನೋಡುತ್ತ ಕೂರಬೇಕಿತ್ತು. ಸಂಜೆ ಗಿಡದ ಮುಂದೆ ಕುಳಿತರೆ ಅದು ಮರೆತುಹೋಗುತ್ತಿತ್ತು. ತುಂಡು ಅಲ್ಯೂಮಿನಿಯಂ ತಂತಿಯ ಎಳೆ ಬಿಡಿಸಿ ಕೊಂಬೆಗೆ ಸುತ್ತಿ ಬಾಗಿಸುವುದನ್ನು ಕಲಿತ. ತಂತಿ ಹಿಡಿದು ಪಳಗಿದ ಕೈ, ಅದೇನೋ ಸಲೀಸಾಗಿ ಬಂತು. ಬಿಚ್ಚುವುದನ್ನು ಮಾತ್ರ ಮರೆತ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಂತಿ ತೊಗಟೆಯೊಳಗೆ ಹೂತುಹೋಗಿ, ಕಟಿಂಗ್ ಪ್ಲೇಯರಿನಿಂದ ಚೂರುಚೂರಾಗಿ ಕತ್ತರಿಸಿ ತೆಗೆಯಬೇಕಾಯಿತು. ಆ ಗಾಯದ ಗುರುತು ಈಗಲೂ ಇದೆ.

ಮೂರನೆಯ ವರ್ಷಕ್ಕೆ ಬುಡ ದಪ್ಪವಾಯಿತು, ಬೇರುಗಳು ಮಣ್ಣಿನ ಮೇಲೆ ಎದ್ದು ಕಂಡವು. ಎಲೆಗಳದ್ದೇ ತೊಂದರೆ. ಅಂಗೈ ಅಗಲದ ಎಲೆಗಳು ಒಂದು ಮೊಳದ ಮರಕ್ಕೆ, ಮಗು ಅಪ್ಪನ ಚಪ್ಪಲಿ ಮೆಟ್ಟಿದ ಹಾಗೆ, ಹೊಂದುತ್ತಲೇ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ ಕೆಲಸ ಮುಗಿಸಿ ಬಂದವನು ಹಿತ್ತಲಿಗೆ ಕಾಲಿಟ್ಟು ಹಾಗೇ ನಿಂತ. ಕೆಂಪಾಜಮ್ಮನ ಆಡು ಹಗ್ಗ ಕಿತ್ತುಕೊಂಡು ಬಂದು ತಟ್ಟೆಯ ಮುಂದೆ ಮೆಲುಕು ಹಾಕುತ್ತಿತ್ತು. ಗಿಡದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ.

ಅವನು ಆಡನ್ನು ಗದರಿದ ಸದ್ದು ಕೇಳಿ ಕೆಂಪಾಜಮ್ಮ ಓಡಿಬಂದಳು. ಮಹದೇವಸ್ವಾಮಿಯ ಬಾಯಿಗೆ ಬಂದದ್ದೆಲ್ಲ ಹೊರಬಿತ್ತು. ಆಡಿನ ಕಾಲು ಮುರಿಯುತ್ತೇನೆ ಎಂದ. ಅಷ್ಟಕ್ಕೇ ನಿಲ್ಲಲಿಲ್ಲ.

"ಒಂದನ್ನ ಸಾಕಿ ಬೆಳೆಸಿದ್ರೆ ತಾನೆ ನಿಂಗೆ ಗೊತ್ತಾಗೋದು."

ಕೆಂಪಾಜಮ್ಮ ಆಡಿನ ಕಿವಿ ಹಿಡಿದು ಎಳೆದುಕೊಂಡು ಹೋದಳು. ಮರುದಿನ ಅವಳ ಮನೆಗೆ ಬೀಗ ಬಿದ್ದಿತ್ತು. ಹೂಗ್ಯಂನ ತಂಗಿ ಮನೆಗೆ ಆಡಿನ ಸಮೇತ ಹೋದಳೆಂದು ಬೀದಿಯವರು ಹೇಳಿದರು.

ರೂಪ ಮೂರು ದಿನ ಗಂಡನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಬಡಿಸುತ್ತ ಹೇಳಿದಳು: "ನೀವು ಮಲ್ಗಿದ್ದಾಗ ನಿಮ್ಮ ಹೇಸಿಗೆ ಬಾಚಿದ ಕೈ ಅದು. ಒಂದು ಗಿಡಕ್ಕೆ ಆ ಮಾತಾಡಿಬುಟ್ರಲ್ಲ."

ಅವನು ತಟ್ಟೆ ಸರಿಸಿ ಎದ್ದು ಹೊರಗೆ ಹೋಗಿ ಕುಳಿತ. ಹೋಗಿ ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಂಡ, ಯಾವ ಮುಖ ಹೊತ್ತು ಹೋಗುವುದೆಂದು ದಿನಾ ಸುಮ್ಮನಾದ. ವಾರ ಕಳೆಯಿತು. ಗಿಡವನ್ನು ಎಸೆಯುವುದೋ ಬಿಡುವುದೋ ಎಂದು ಕೇಳಲು ಮಾಲಿನಿಗೆ ಫೋನು ಮಾಡಿದ.

"ಕೊಂಬೆ ಮುರಿದಿದೆಯಾ ಅಣ್ಣ?"

"ಇಲ್ಲ ಮೇಡಂ. ಎಲೆ ಮಾತ್ರ ತಿಂದೈತೆ. ತೊಟ್ಟು ಅಂಗೇ ಅವೆ."

ಆ ಕಡೆ ಮಾಲಿನಿ ನಗತೊಡಗಿದಳು. "ನಿಮಗೆ ಈ ವರ್ಷ ಹೇಳಿಕೊಡಬೇಕು ಅಂತಿದ್ದೆ. ಗಟ್ಟಿಯಾದ ಗಿಡಕ್ಕೆ ಬೇಸಿಗೇಲಿ ಎಲ್ಲಾ ಎಲೇನೂ ನಾವೇ ಕತ್ತರಿಸ್ತೀವಿ. ಆಮೇಲೆ ಬರೋ ಎಲೆ ಚಿಕ್ಕದಾಗುತ್ತೆ. ನಾನು ಕತ್ತರೀಲಿ ಮಾಡೋದನ್ನ ಆ ಆಡು ಬಾಯಲ್ಲಿ ಮಾಡಿದೆ. ನೀರು ಕಮ್ಮಿ ಮಾಡಿ, ನೆರಳಲ್ಲಿಡಿ, ಕಾಯಿರಿ."

ಫೋನಿಟ್ಟು ಅವನು ಗಿಡದ ಕಡೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ರಾಮಾಪುರದ ಮೇಲೆ ಹೋಗುವ ಬಸ್ಸು ಹತ್ತಿ ಹೂಗ್ಯಂನಲ್ಲಿ ಇಳಿದ. ಕೆಂಪಾಜಮ್ಮ ತಂಗಿ ಮನೆಯ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಅವನನ್ನು ಕಂಡವಳೇ ಮೊರ ಕೆಳಗಿಟ್ಟಳು.

"ಸತ್ತೋಯ್ತೇನ್ಲಾ ಮಾದೇವ?"

"ಇಲ್ಲ ಕೆಂಪವ್ವ."

"ದಿಟ ಏಳು. ಅರಳಿ ಕೊಂದ ಪಾಪ ಸುತ್ಕತದೆ ಅಂತ ಕಣ್ಣು ಮುಚ್ಚಿಲ್ಲ ನಾನು."

ಮಾಲಿನಿ ಹೇಳಿದ್ದನ್ನೆಲ್ಲ ಹೇಳಿದ. ಕೆಂಪಾಜಮ್ಮ ನಂಬದೆ ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟಳು. ಮಹದೇವಸ್ವಾಮಿ ತಲೆ ತಗ್ಗಿಸಿದ.

"ಗಿಡ ಉಳೀತದೆ ಅಂತ ಬಂದಿಲ್ಲ ಕೆಂಪವ್ವ. ಅದು ಸತ್ತಿದ್ರೂ ಬರಬೇಕಾಗಿತ್ತು. ನಾನು ಅವತ್ತು ಆಡಿದ್ದು ಬಾಯಲ್ಲಿ ಆಡೋ ಮಾತಲ್ಲ. ತಪ್ಪಾಯ್ತು."

ಅವಳು ಮೊರವನ್ನು ಮತ್ತೆ ತೊಡೆಗೆಳೆದುಕೊಂಡಳು.

"ಉರೀತು ಕಣಪ್ಪ, ಇಲ್ಲ ಅನ್ನಕಿಲ್ಲ," ಎಂದಳು. "ನೀನಲ್ದೆ ಬ್ಯಾರೆಯೋರು ಅಂದಿದ್ರೆ ಕಸಕ್ಕೆ ಎಸಿತಿದ್ದೆ. ಓಗ್ಲಿ ಬುಡು. ಉಂಡ್ಕಂಡು ಓಗಾನ."

ಉಂಡ ಮೇಲೆ ಒಂದು ಗೂಡ್ಸ್ ಆಟೋ ಸಿಕ್ಕಿತು. ಆಡನ್ನು ಹಿಂದೆ ಕಟ್ಟಿ ಇಬ್ಬರೂ ಡ್ರೈವರ್ ಪಕ್ಕ ಕುಳಿತರು. ದಾರಿಯುದ್ದಕ್ಕೂ ಕೆಂಪಾಜಮ್ಮ ತಂಗಿಯ ಅಡುಗೆಯಲ್ಲಿ ಉಪ್ಪು ಹೆಚ್ಚೆಂದು ದೂರುತ್ತಿದ್ದಳು. ಮಹದೇವಸ್ವಾಮಿಗೆ ಅದನ್ನು ಕೇಳುವುದೇ ಹಿತವಾಗಿತ್ತು.

ಚಿಗುರು ಬಂದದ್ದು ಆಮೇಲೆ ಐದು ದಿನಕ್ಕೆ. ಮೊದಲು ಕಂಡವಳು ರೂಪ. ಒಂದಲ್ಲ, ತೊಟ್ಟು ಉದುರಿದ ಪ್ರತಿ ಜಾಗದಲ್ಲೂ ಒಂದೊಂದು. ಮೇ ತಿಂಗಳಿಗೆ ಗಿಡ ತುಂಬ ಹೆಬ್ಬೆರಳಗಲದ ಎಲೆಗಳು, ಪ್ರತಿಯೊಂದಕ್ಕೂ ಸಣ್ಣ ಬಾಲ. ಗಾಳಿ ಬೀಸಿದರೆ ದೊಡ್ಡ ಅರಳಿಮರದ ಹಾಗೆಯೇ ನಡುಗುತ್ತಿದ್ದವು. ಕೆಂಪಾಜಮ್ಮ ಗೋಡೆಯಾಚೆಯಿಂದ ಬಗ್ಗಿ ಬಹಳ ಹೊತ್ತು ನೋಡಿದಳು.

"ಮುಂದಿನ ವರ್ಷ ಯಾವಾಗ ಬುಡಾನ ಆಡನ್ನ?" ಎಂದು ಕೇಳಿದಳು.