ಅಕ್ಕೋರ ರೊಕ್ಕ ಎಲ್ಲೀತನಕ ಬಂತು?

ಬಾದಾಮಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ಅನಸೂಯಾಬಾಯಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಅವರ ಹಳೆಯ ವಿದ್ಯಾರ್ಥಿನಿ ಜೈನಬಿ ಸ್ಟೇಶನ್ ರೋಡಿನಲ್ಲಿ ಸೈಬರ್ ಕೆಫೆ ಇಟ್ಟಿದ್ದಳು. ಪರದೇಶದ ಮಕ್ಕಳು ಬಿಡಿಸಲಾಗದ ಲೆಕ್ಕಗಳನ್ನು ಹಾಕುವ ಒಂದು ವೆಬ್‌ಸೈಟನ್ನು ಅವಳೇ ತೋರಿಸಿಕೊಟ್ಟಳು. ಲೆಕ್ಕ ಬಿಡಿಸಿ ಕಳಿಸಿದರೆ ಅಷ್ಟಿಷ್ಟು ಡಾಲರ್ ಆ ಸೈಟಿನಲ್ಲೇ ಅನಸೂಯಾಬಾಯಿಯ ಹೆಸರಿನಲ್ಲಿದ್ದ ಖಾತೆಗೆ ಬೀಳುತ್ತಿತ್ತು. ೨೦೦೮ರ ಬೇಸಿಗೆ ಮುಗಿಯುವಷ್ಟರಲ್ಲಿ ನೂರ ಹನ್ನೆರಡು ಡಾಲರ್ ಕೂಡಿತು. ನೂರು ದಾಟಿದರೆ ಬ್ಯಾಂಕಿಗೆ ತರಿಸಿಕೊಳ್ಳಬಹುದೆಂದು ಬರೆದಿತ್ತು. ಅನಸೂಯಾಬಾಯಿ ಒಂದು ಸೋಮವಾರ ದೇವರನ್ನು ನೆನೆದು ಬಟನ್ ಒತ್ತಿದರು. ಮರುಕ್ಷಣ ಖಾತೆಯಲ್ಲಿ ಸೊನ್ನೆ!

"ಜೈನಬೀ, ಎಲ್ಲಾ ಹೋತಲ್ಲ!"

ಜೈನಬಿ ಓಡಿಬಂದು ಇನ್ನೊಂದು ಪುಟ ತೆರೆದಳು. "ಎಲ್ಲೂ ಹೋಗಿಲ್ರಿ ಅಕ್ಕೋರ. ನೀವು ಕೇಳಿದ ಕೂಡ್ಲೇ ನಿಮ್ಮ ರೊಕ್ಕ ತಗದು ಬ್ಯಾರೆ ಇಟ್ಟಾರ. ಇಲ್ನೋಡ್ರಿ, ಪೆಂಡಿಂಗ್ ಅಂತ ಐತಿ. ಅಂದ್ರ ಪಾಳಿ ಹಚ್ಚಿ ನಿಂತೈತಿ."

ಅಂದಿನಿಂದ ದಿನಾ ಸಂಜೆ ಅನಸೂಯಾಬಾಯಿ ಕೆಫೆಗೆ ಹೋಗಿ ಆ ಪುಟ ನೋಡಿ ಬರುವುದಾಯಿತು. ಮಂಗಳವಾರ ಪೆಂಡಿಂಗ್, ಬುಧವಾರವೂ ಪೆಂಡಿಂಗ್. ಪತಿ ವೆಂಕಟೇಶರಾಯರು ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಮೊದಲಿನಿಂದಲೂ ಇದರ ಮೇಲೆ ನಂಬಿಕೆಯಿಲ್ಲ.

"ಮನಿಯಾರ್ಡರ್ ಇದ್ರ ಇಷ್ಟೊತ್ತಿಗೆ ಪೋಸ್ಟಮನ್ ಬಂದು ಚಹಾ ಕುಡದು ಹೋಗ್ತಿದ್ದ. ಮೋಸ ಅದ ಇದು. ವಾಪಸ್ ತಗೊ."

ಗುರುವಾರ ಅನಸೂಯಾಬಾಯಿ ಜೈನಬಿಯನ್ನು ಕೇಳದೆ ರದ್ದು ಮಾಡುವ ಬಟನ್ ಒತ್ತಿಯೇಬಿಟ್ಟರು. ನೂರ ಹನ್ನೆರಡು ಡಾಲರ್ ಒಂದು ಸೆಂಟೂ ಕಡಿಮೆಯಾಗದೆ ಖಾತೆಗೆ ಮರಳಿತು. ಅವರ ಮುಖ ಅರಳಿತು. ಜೈನಬಿ ಹಣೆ ಚಚ್ಚಿಕೊಂಡಳು.

"ಅಯ್ಯ ಅಕ್ಕೋರ! ನಾಳೆ ನಾಡಿದ್ದರಾಗ ಅದರ ಪಾಳಿ ಬರ್ತಿತ್ತು. ಈಗ ಮತ್ತ ಹಿಂದಿನಿಂದ ನಿಂದರಬೇಕು."

"ನಿಂದರಲಿ ಬಿಡು. ವಾಪಸ್ ಕೊಟ್ರಲ್ಲ, ಮೋಸಗಾರರಲ್ಲ ಅಂತ ಖಾತ್ರಿ ಆತು" ಎಂದು ನಕ್ಕು ಅನಸೂಯಾಬಾಯಿ ಮತ್ತೆ ಅರ್ಜಿ ಹಾಕಿದರು.

ಈ ಸಲ ಆರನೆಯ ದಿನ ಪೆಂಡಿಂಗ್ ಹೋಗಿ ಪ್ರೊಸೆಸಿಂಗ್, ಅಂದರೆ ಕಳಿಸುವ ಕೆಲಸ ನಡೆದಿದೆ, ಎಂದು ಬಂತು. ರದ್ದು ಮಾಡುವ ಬಟನ್ನೇ ಮಾಯವಾಯಿತು. ಎರಡು ದಿನ ಕಳೆದು "ಕಳಿಸಲಾಗಿದೆ" ಎಂದು ಬಂತು, ಜೊತೆಗೊಂದು ಉದ್ದನೆಯ ನಂಬರು. ಅಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಕಾಯಿಪಲ್ಲೆ ಮಾರುವ ಗುರುಲಿಂಗವ್ವ ಕೂಡ ಬುಟ್ಟಿ ಇಳಿಸುವ ಮೊದಲೇ, "ಅಕ್ಕೋರ, ರೊಕ್ಕ ಎಲ್ಲೀತನಕ ಬಂತ್ರಿ?" ಎನ್ನುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋದರು. ಪಾಸಬುಕ್ಕಿನಲ್ಲಿ ಏನೂ ಇಲ್ಲ. ವೆಂಕಟೇಶರಾಯರು "ನಾ ಹೇಳಿದ್ದಿಲ್ಲೇನು?" ಎಂಬಂತೆ ನೋಡಿದರು. ಕೌಂಟರಿನ ಕಲ್ಲಪ್ಪ ಸಮಾಧಾನದ ಮನುಷ್ಯ.

"ಅವ್ರು ಕಳಿಸ್ಯಾರ ಅಂದ್ರ ನಮಗ ಮುಟ್ಟೇತಿ ಅಂತಲ್ರಿ. ನಂಬರ್ ಏನರ ಕೊಟ್ಟಾರೇನು?"

ಅನಸೂಯಾಬಾಯಿ ಬರೆದಿಟ್ಟುಕೊಂಡಿದ್ದ ಚೀಟಿ ಕೊಟ್ಟರು. ಕಲ್ಲಪ್ಪ ಬಾಗಲಕೋಟೆಯ ದೊಡ್ಡ ಶಾಖೆಗೆ ಫೋನು ಹಚ್ಚಿ ನಂಬರು ಓದಿದ. ಹಣ ಅಲ್ಲಿಯವರೆಗೆ ಬಂದು ನಿಂತಿತ್ತು. ಪರದೇಶದ ದುಡ್ಡು, ಯಾತಕ್ಕೆ ಬಂತೆಂದು ಬರೆದು ಕೊಡಬೇಕಂತೆ.

ಕಲ್ಲಪ್ಪ ಕೊಟ್ಟ ಫಾರ್ಮಿನ ಆ ಸಾಲಿಗೆ ಬಂದಾಗ ಅನಸೂಯಾಬಾಯಿ ಪೆನ್ನು ನಿಲ್ಲಿಸಿದರು. "ಸಹಾಯಧನ ಅಂತ ಬರಿ, ಮುಗೀತದ" ಎಂದರು ರಾಯರು.

"ಯಾರ ಸಹಾಯಾನೂ ಅಲ್ಲ ಇದು" ಎಂದು ಅನಸೂಯಾಬಾಯಿ ದುಂಡಗೆ ಬರೆದರು: ಗಣಿತ ಕಲಿಸಿದ್ದಕ್ಕೆ ಸಂಭಾವನೆ.

ಕಲ್ಲಪ್ಪ ಓದಿ ಎದ್ದು ನಿಂತ. "ಎರಡು ಸಲ ಗಣಿತದಾಗ ನಪಾಸಾದಾವ್ರಿ ನಾ. ನಿಮ್ಮ ಕೈಯಾಗ ಕಲಿಬೇಕಾಗಿತ್ತು."

ಮೂರನೆಯ ದಿನ ಪಾಸಬುಕ್ಕಿನಲ್ಲಿ ನಾಲ್ಕು ಸಾವಿರದ ಏಳುನೂರು ಚಿಲ್ಲರೆ ಅಚ್ಚಾಗಿ ಬಂತು. ರಾಯರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಮನೆಗೆ ಬರುವ ದಾರಿಯುದ್ದಕ್ಕೂ ಎದುರಾದವರನ್ನೆಲ್ಲ ನಿಲ್ಲಿಸಿ, ಪೆಂಡಿಂಗ್ ಅಂದರೇನು, ಪ್ರೊಸೆಸಿಂಗ್ ಅಂದರೇನು ಎಂದು ತಾವೇ ತಿಳಿಸಿ ಹೇಳಿದರು.

ಅನಸೂಯಾಬಾಯಿ ಆ ದುಡ್ಡಿನಲ್ಲಿ ಮೆತ್ತನೆಯ ದಿಂಬಿನ ಕುರ್ಚಿಯೊಂದನ್ನು ಕೊಂಡು ಕೆಫೆಗೇ ಕಳಿಸಿದರು. ಅವರು ದಿನಾ ಕೂಡುವ ಮೂರನೆಯ ಕಂಪ್ಯೂಟರಿನ ಮುಂದೆ ಅದನ್ನು ಹಾಕಿದ ಜೈನಬಿ, ಸಂಜೆ ನಾಲ್ಕರ ಮೇಲೆ ಅದರಲ್ಲಿ ಯಾರೇ ಕೂತಿದ್ದರೂ ಎಬ್ಬಿಸುತ್ತಾಳೆ: "ಏಳ್ರಿ, ಏಳ್ರಿ, ನಮ್ಮ ಅಕ್ಕೋರು ಬರೂ ಹೊತ್ತಾತು!"